ನೀರಿನ ಡ್ರಮ್ಮು, ಒಲೆಯ ಹೊಗೆ, ರಸ್ತೆಯ ಧೂಳು: ಮಕ್ಕಳಿಗಾಗಿ ಮನೆಯಲ್ಲಿ ಇವತ್ತೇ ಏನು ಮಾಡಬಹುದು?

ನನ್ನ ತಂಗಿಯ ಮಗಳು ಹುಟ್ಟಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಹಿರಿಯೂರಿನಲ್ಲಿ. ಆಗಷ್ಟೇ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. 1933ರ ನಂತರ ಅದೇ ಮೊದಲು. ಊರಿಗೆ ಊರೇ ನೀರು ನೋಡಲು ಹೋಗಿತ್ತು. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಚಿತ್ರದುರ್ಗ, ದಾವಣಗೆರೆ ಎರಡೂ ಅದರಲ್ಲಿದ್ದವು. ಎರಡನೇ ಹುಟ್ಟುಹಬ್ಬದ ತಿಂಗಳಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ, ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು.

ಒಂದು ವರ್ಷದ ಮಳೆ ನೋಡಿ ಹವಾಮಾನವೇ ಬದಲಾಯಿತು ಅನ್ನುವ ಹಾಗಿಲ್ಲ, ನಿಜ. ಆದರೆ ಬಂದರೆ ಒಮ್ಮೆಲೇ ಮಳೆ, ಹೋದರೆ ಒಮ್ಮೆಲೇ ಬರ, ಬೇಸಿಗೆ ಮುಗಿಯುವುದೇ ಇಲ್ಲ ಅನ್ನುವ ಹಾಗೆ ಬಿಸಿಲು. ಇದನ್ನು ನಾವೆಲ್ಲ ಕಣ್ಣಾರೆ ನೋಡುತ್ತಿದ್ದೇವೆ ಅಲ್ವಾ? ಈ ಏರುಪೇರು ಮೊದಲು ತಟ್ಟುವುದು ಮನೆಯ ಚಿಕ್ಕ ಮಕ್ಕಳಿಗೆ.

ಯಾಕೆ ಅವರಿಗೇ ಜಾಸ್ತಿ? ಆಗ ತಾನೇ ಹುಟ್ಟಿದ ಮಗು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ. ನಾವು ದೊಡ್ಡವರು 12ರಿಂದ 20 ಸಲ. ತೂಕಕ್ಕೆ ಹೋಲಿಸಿದರೆ ಮಗು ಎಳೆದುಕೊಳ್ಳುವ ಗಾಳಿಯೂ ಜಾಸ್ತಿ, ಕುಡಿಯುವ ನೀರೂ ಜಾಸ್ತಿ. ಅಂಬೆಗಾಲಿಡುವ ಮಗುವಿನ ಮೂಗು ನೆಲದ ಧೂಳಿಗೆ ಹತ್ತಿರ, ಕೈ ಸದಾ ಬಾಯಲ್ಲಿ. ಹದಿಹರೆಯ ಮುಗಿಯುವವರೆಗೂ ಶ್ವಾಸಕೋಶ ಬೆಳೆಯುತ್ತಲೇ ಇರುತ್ತದೆ. ಆಗ ಆದ ಪೆಟ್ಟು ಬೇಗ ಮಾಯುವುದಿಲ್ಲ.

ನಾನು ವೈದ್ಯೆ ಅಲ್ಲ. ದಾವಣಗೆರೆಯಲ್ಲಿ ಎರಡು ಮಕ್ಕಳನ್ನು ಬೆಳೆಸಿದ ತಾಯಿ. ಮಕ್ಕಳ ಡಾಕ್ಟರು, ಅಂಗನವಾಡಿ ಟೀಚರು, ಆಶಾ ಅಕ್ಕಂದಿರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಒಂದೇ ದಿನ ಮಾಡಲು ಆಗಲ್ಲ. ನೀರಿನಿಂದ ಶುರು ಮಾಡಿ.

ಹೆಜ್ಜೆ 1: ಮಗು ಕುಡಿಯುವ ನೀರು ಎಲ್ಲಿಂದ ಬರುತ್ತಿದೆ, ನೋಡಿ

ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆಯವರಿಗೆ ಫ್ಲೋರೈಡ್ ಅನ್ನುವ ಮಾತು ಹೊಸದಲ್ಲ. ನೀರಿನಲ್ಲಿ ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ ಅದು, ನಮ್ಮ ನೆಲದಡಿಯ ಕಲ್ಲಿನಲ್ಲೇ ಇದೆ. ಮಳೆ ಕೈಕೊಟ್ಟ ಹಾಗೆಲ್ಲ ಬೋರು ಆಳಕ್ಕೆ ಹೋಗುತ್ತದೆ. ಆಳದ ನೀರು ಕಲ್ಲಿನ ಸಂದಿನಲ್ಲಿ ಬಹಳ ಕಾಲ ನಿಂತ ನೀರು, ಅದರಲ್ಲಿ ಫ್ಲೋರೈಡ್ ಜಾಸ್ತಿ ಸೇರಿರುವ ಸಾಧ್ಯತೆ ಇರುತ್ತದೆ. ಬರಕ್ಕೂ ಮಗುವಿನ ಹಲ್ಲಿಗೂ ನಂಟು ಇರುವುದು ಹೀಗೆ.

ಜಗಳೂರು ಕಡೆ ನಮ್ಮ ಅಕ್ಕನ ಮನೆ ಇದೆ. ಅವಳ ಮಗನಿಗೆ ಏಳು ವರ್ಷವಿದ್ದಾಗ ಹೊಸ ಹಲ್ಲು ಬಂದವು. ಮುಂದಿನ ಎರಡು ಹಲ್ಲಿನ ಮೇಲೆ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಪಟ್ಟೆ. ಎರಡು ವರ್ಷದಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿತು. ಸರಿಯಾಗಿ ಉಜ್ಜಲ್ಲ ಅಂತ ಮನೆಯವರೆಲ್ಲ ಅವನನ್ನು ಬೈದಿದ್ದೇ ಬೈದಿದ್ದು. ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತುಬಿಟ್ಟ. ಅದು ಉಜ್ಜಿದರೆ ಹೋಗುವ ಕಲೆ ಅಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಆದ ಹಾನಿ. ಸುಮಾರು ಎಂಟು ವರ್ಷದವರೆಗೆ ಮಗು ಯಾವ ನೀರು ಕುಡಿಯಿತು ಅನ್ನುವುದರ ಮೇಲೆ ಶಾಶ್ವತ ಹಲ್ಲುಗಳ ಹಣೆಬರಹ ನಿಂತಿರುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ.

ಹಾಗಾಗಿ ನೀರು ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಹಳ್ಳಿಯ ಮಹಿಳೆಯರಿಗೇ ತರಬೇತಿ ಕೊಡುವ ವ್ಯವಸ್ಥೆ ಇದೆ. ಪಂಚಾಯಿತಿಗೆ ಹೋಗಿ ಕೇಳಿ. ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯದಲ್ಲೂ ಮಾಡುತ್ತಾರೆ. ಬೋರು ಚಾಲೂ ಮಾಡಿ ಐದು ನಿಮಿಷ ನೀರು ಹರಿಯಲು ಬಿಡಿ. ಆಮೇಲೆ ತೊಳೆದ ಬಾಟಲಿಯನ್ನು ಅದೇ ನೀರಿನಿಂದ ಎರಡು ಸಲ ಜಾಲಾಡಿಸಿ ತುಂಬಿ. ಮೇಲೆ ಊರು, ಬೋರಿನ ಜಾಗ, ದಿನಾಂಕ ಬರೆಯಿರಿ.

ವರದಿ ಬಂದಾಗ ಎರಡು ಅಂಕಿ ನೋಡಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸರಿ. ಅದಕ್ಕೆ ಮೇಲಿದ್ದರೆ ಮಗುವಿಗೆ ಕುಡಿಸಬೇಡಿ, ಅಡುಗೆಗೂ ಬೇಡ. ನೈಟ್ರೇಟ್ 45 ಮಿಲಿಗ್ರಾಂ ಒಳಗಿರಬೇಕು. ಗೊಬ್ಬರ, ಕೊಟ್ಟಿಗೆ, ಶೌಚದ ಗುಂಡಿಯಿಂದ ಇದು ಬಾವಿಗೂ ಬೋರಿಗೂ ಇಳಿಯುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಬಹಳ ಅಪಾಯ. ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು.

ಎಷ್ಟೋ ಮನೆಗಳಲ್ಲಿ ತಪ್ಪುವುದು ಇಲ್ಲಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದ ಹಾಗೆ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರ್‌ಗೆ ಹಾಕಿದರೂ ಹೋಗಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕ, ಅಂದರೆ ಕಾಯಿನ್ ಹಾಕಿ ಕ್ಯಾನ್ ತುಂಬಿಕೊಳ್ಳುತ್ತೇವಲ್ಲ, ಆ ಆರ್‌ಒ ನೀರು ಆಗಬಹುದು. ಅದರ ಮೆಂಬ್ರೇನ್ (ನೀರು ಸೋಸುವ ಪೊರೆ) ಯಾವಾಗ ಬದಲಾಯಿಸಿದರು, ನೀರು ಯಾವಾಗ ಪರೀಕ್ಷೆ ಮಾಡಿಸಿದರು ಅಂತ ಕೇಳುವ ಹಕ್ಕು ನಿಮಗಿದೆ. ಎಲ್ಲದಕ್ಕೂ ತರಲು ಆಗದಿದ್ದರೆ ಮಗುವಿನ ಕುಡಿಯುವ ನೀರು, ಅನ್ನ, ಸಾರಿಗೆ ಆ ನೀರು, ಮಿಕ್ಕಿದ್ದಕ್ಕೆ ಬೋರ್ ನೀರು ಅಂತ ಬಿಂದಿಗೆ ಬೇರೆ ಮಾಡಿಕೊಳ್ಳಿ. ಚಾವಣಿಯ ಮಳೆನೀರು ಹಿಡಿದರೆ ಅದರಲ್ಲಿ ಫ್ಲೋರೈಡ್ ಇರುವುದಿಲ್ಲ ಅನ್ನುವಷ್ಟು ಕಡಿಮೆ. ಮೊದಲ ಮಳೆ ಹೊರಗೆ ಬಿಟ್ಟು, ಸೋಸಿ, ಮುಚ್ಚಿಟ್ಟು, ಕುಡಿಯುವಾಗ ಕುದಿಸಿ.

ರಾಗಿ, ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿ ಊಟದಲ್ಲಿರಲಿ. ಚಹಾ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತದೆ. ಚಿಕ್ಕ ಮಕ್ಕಳಿಗೆ ಬಿಸ್ಕತ್ ಅದ್ದಿಕೊಂಡು ತಿನ್ನಲಿ ಅಂತ ಚಹಾ ಕೊಡುವ ರೂಢಿ ಬಿಟ್ಟುಬಿಡಿ.

ಇನ್ನು ರೋಗಾಣುಗಳ ಮಾತು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ಮರೆಯಲಾಗದು. ಬರದ ನಂತರ ಬರುವ ಮೊದಲ ಮಳೆ, ಒಡೆದ ಪೈಪು, ಪಕ್ಕದಲ್ಲೇ ಚರಂಡಿ, ಇವು ಸೇರಿದಾಗ ನಲ್ಲಿ ನೀರನ್ನು ನಂಬಬೇಡಿ. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಫ್ಲೋರೈಡ್ ಇರುವ ಊರಿನವರು ಆರ್‌ಒ ನೀರನ್ನೇ ಕುದಿಸಿ.

ಭೇದಿ ಶುರುವಾದರೆ, ಮೈಯಿಂದ ಹೋದ ನೀರು, ಲವಣ ತುಂಬುವ ಓಆರ್‌ಎಸ್. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಪುಡಿ, ಪೂರ್ತಿ ಒಂದು ಲೀಟರ್ ನೀರು. ಅರ್ಧ ಪುಡಿ ಅರ್ಧ ಲೋಟ ಅಂತ ಅಂದಾಜಿಗೆ ಕಲಸಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ದೊಡ್ಡ ಮಗುವಿಗೆ 100ರಿಂದ 200 ಮಿಲಿ, ಚಮಚ ಚಮಚವಾಗಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಜೊತೆಗೆ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತರೂ ಪೂರ್ತಿ. ಎರಡೂ ಆಶಾ ಅಕ್ಕನ ಹತ್ತಿರ ಸಿಗುತ್ತವೆ. ಎದೆಹಾಲು ನಿಲ್ಲಿಸಬೇಡಿ.

ಹೆಜ್ಜೆ 2: ವಾರಕ್ಕೊಂದು ದಿನ ಡ್ರಮ್ಮು ಉಜ್ಜುವ ದಿನ

ಸೊಳ್ಳೆ ಮಳೆಗಾಲದ ಕಾಟ ಅಂತ ತಿಳಿದಿದ್ದೆ. ನಮ್ಮಲ್ಲಿ ಬೇಸಿಗೆಯೂ ಅದಕ್ಕೆ ಹಬ್ಬ. ನಲ್ಲಿ ನೀರು ವಾರಕ್ಕೊಂದು ಸಲ ಬಂದರೆ ಏನು ಮಾಡುತ್ತೇವೆ? ಡ್ರಮ್ಮು, ತೊಟ್ಟಿ, ಕೊಡ, ಬಕೆಟ್ ಎಲ್ಲ ತುಂಬಿಟ್ಟುಕೊಳ್ಳುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇದೇ, ಮನೆಯೊಳಗಿನ ತಿಳಿ ನೀರು.

ಡ್ರಮ್ಮಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕೂದಲೆಳೆಯಷ್ಟು ಸಣ್ಣ ಹುಳ ನೀರಿನ ಮೇಲ್ಭಾಗಕ್ಕೆ ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಬೆಳಕು ಬಿದ್ದ ತಕ್ಷಣ ಕೊಂಕುತ್ತಾ ತಳಕ್ಕೆ ಇಳಿಯುತ್ತವೆ. ಅವೇ ಲಾರ್ವಾ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಸಾಮಾನ್ಯವಾಗಿ 7ರಿಂದ 10 ದಿನ ಸಾಕು. ವಾರಕ್ಕೊಂದು ಸಲ ಅಂತ ಹೇಳುವುದು ಇದಕ್ಕೇ.

ಸುಮ್ನೆ ನೀರು ಚೆಲ್ಲಿ ಮತ್ತೆ ತುಂಬಿದರೆ ಪ್ರಯೋಜನ ಇಲ್ಲ. ಈ ಸೊಳ್ಳೆ ನೀರಿನ ಅಂಚಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ಮುಟ್ಟಿದ ಕೂಡಲೇ ಮರಿಯಾಗುತ್ತದೆ. ನೀರಿನ ಗೆರೆ ಇರುವ ಕಡೆ ಬ್ರಷ್‌ನಿಂದ ಗಸಗಸ ಉಜ್ಜಬೇಕು. ನೀರು ಬರುವ ದಿನ, ತುಂಬುವ ಮೊದಲು ಹತ್ತು ನಿಮಿಷ ಉಜ್ಜಿ. ಆಗ ನೀರೂ ದಂಡವಾಗಲ್ಲ. ತುಂಬಿದ ಮೇಲೆ ಹಳೇ ಪಂಚೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಿ. ಖಾಲಿ ಮಾಡಲಾಗದ ತೊಟ್ಟಿಗೆ ಔಷಧಿ ಹಾಕಲು ಆಶಾ ಅಕ್ಕನಿಗೆ ಹೇಳಿ. ಫ್ರಿಜ್ ಹಿಂದಿನ ತಟ್ಟೆ, ಕೂಲರ್, ತೆಂಗಿನ ಚಿಪ್ಪು, ಹಳೇ ಟೈರು, ಅಡಿಕೆ ಹಾಳೆ, ಇವನ್ನೂ ನೋಡಿ.

ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ಮಧ್ಯಾಹ್ನ ಮಲಗುವ ಕೂಸಿಗೂ ಸೊಳ್ಳೆ ಪರದೆ ಬೇಕು.

ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ತೂಕಕ್ಕೆ ತಕ್ಕಷ್ಟು. ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ಜ್ವರ ಇಳಿದ ದಿನ ಎಲ್ಲರೂ ನಿಟ್ಟುಸಿರು ಬಿಡುತ್ತೇವೆ. ಡೆಂಗಿಯಲ್ಲಿ ಕಣ್ಣಿಟ್ಟು ಕಾಯಬೇಕಾದ ದಿನವೇ ಅದು. ಹೊಟ್ಟೆನೋವು, ಬಿಡದ ವಾಂತಿ, ಮೂಗು ಇಲ್ಲವೇ ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಕು, ಆರು ಗಂಟೆಯಾದರೂ ಮೂತ್ರ ಇಲ್ಲ, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 3: ಹೊಗೆಯಿಂದ ಮಗುವನ್ನು ದೂರ ಇಡಿ, ಉಸಿರು ಎಣಿಸಲು ಕಲಿಯಿರಿ

ಕೇಂದ್ರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಅದರ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ಗಾಳಿಯ ಗುಣಮಟ್ಟ ರಾಷ್ಟ್ರೀಯ ಮಿತಿ ಮುಟ್ಟದ ಊರುಗಳ ಪಟ್ಟಿ ಅದು. ರಸ್ತೆ ಧೂಳು, ವಾಹನ, ಸುಟ್ಟ ಕಸ, ಭತ್ತದ ಹೊಟ್ಟು ಉರಿಸುವ ಮಂಡಕ್ಕಿ ಭಟ್ಟಿ, ಇವನ್ನೆಲ್ಲ ನಾವು ದಿನಾ ನೋಡುತ್ತೇವೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಕಡೆಗೆ ಅದಿರಿನ ಧೂಳು. ಮಂಡಕ್ಕಿ ನಮ್ಮೂರಿನ ಹೆಮ್ಮೆ, ಎಷ್ಟೋ ಮನೆಗಳ ಅನ್ನ. ಭಟ್ಟಿ ಮುಚ್ಚಿ ಅಂತ ನಾನು ಹೇಳಲಾರೆ. ಹೊಗೆ ಕಡಿಮೆ ಮಾಡುವ ಒಲೆ, ಎತ್ತರದ ಚಿಮಣಿ ಹಾಕಿಸಲು ಆ ಕುಟುಂಬಗಳಿಗೆ ನೆರವು ಸಿಗಲೇಬೇಕು. ಭಟ್ಟಿಯ ಪಕ್ಕ ತೊಟ್ಟಿಲು ಕಟ್ಟುವುದು ಮಾತ್ರ ಬೇಡ.

ಮನೆಯೊಳಗಿನ ಹೊಗೆ ನಮ್ಮ ಕೈಯಲ್ಲೇ ಇದೆ. ಗ್ಯಾಸ್ ಇದ್ದರೂ ಸ್ನಾನದ ನೀರಿಗೆ, ಮುದ್ದೆಗೆ ಸೌದೆ ಒಲೆ ಹಚ್ಚುವ ಮನೆಗಳು ಬಹಳ. ಹಚ್ಚಲೇಬೇಕಾದರೆ ಒಣ ಸೌದೆ, ತೆರೆದ ಕಿಟಕಿ, ಮತ್ತು ಮಗು ಬೇರೆಯವರ ಕಂಕುಳಲ್ಲಿ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್ ಹಾಕಲೇಬೇಡಿ. ಸೊಳ್ಳೆ ಬತ್ತಿಯದ್ದು ಇನ್ನೊಂದು ಕಥೆ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣ 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಅಳೆದು ಹೇಳಿತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಅದನ್ನು ಹಚ್ಚಿ ಕೂಸನ್ನು ಮಲಗಿಸುತ್ತಿದ್ದೆ ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ. ಪರದೆ ಕಟ್ಟಿ, ಬತ್ತಿ ಬಿಡಿ. ಕಸ ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಇಲ್ಲವೇ ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಉಸಿರು ಎಣಿಸುವುದು. ನನ್ನ ಚಿಕ್ಕವನಿಗೆ ಹತ್ತು ತಿಂಗಳಿದ್ದಾಗ ಕೆಮ್ಮು, ನೆಗಡಿ. ಸಿರಪ್ ಕೊಟ್ಟು ಸುಮ್ಮನಿದ್ದೆ. ಅಂಗನವಾಡಿ ಟೀಚರು ಮನೆಗೆ ಬಂದವರು ಮಗು ನೋಡಿ, "ಅಕ್ಕಾ, ಅಂಗಿ ಮೇಲೆತ್ರಿ, ಗಡಿಯಾರ ಕೊಡ್ರಿ" ಅಂದರು. ಮಗು ನನ್ನ ತೊಡೆಯ ಮೇಲೆ ಮಂಪರಿನಲ್ಲಿತ್ತು. ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿದರು. 58. "ಈಗ್ಲೇ ಹೊರಡ್ರಿ" ಅಂದರು. ನ್ಯುಮೋನಿಯಾ ಆಗಿತ್ತು. ಬೇಗ ಹೋಗಿದ್ದಕ್ಕೆ ಉಳಿದುಕೊಂಡೆವು.

ಎಣಿಸುವುದು ಹೀಗೆ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಎದೆ, ಹೊಟ್ಟೆ ಕಾಣುವ ಹಾಗೆ ಬಟ್ಟೆ ಸರಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಪೂರ್ತಿ 60 ಸೆಕೆಂಡ್ ಎಣಿಸಿ.

- ಎರಡು ತಿಂಗಳೊಳಗೆ: 60 ಅಥವಾ ಜಾಸ್ತಿ ಇದ್ದರೆ ಅಪಾಯ
- ಎರಡು ತಿಂಗಳಿಂದ ಒಂದು ವರ್ಷದೊಳಗೆ: 50 ಅಥವಾ ಜಾಸ್ತಿ
- ಒಂದರಿಂದ ಐದು ವರ್ಷದೊಳಗೆ: 40 ಅಥವಾ ಜಾಸ್ತಿ

ಉಸಿರು ಎಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಗುಳಿ ಬಿದ್ದರೆ ಅದು ಪಕ್ಕೆ ಸೆಳೆತ. ಆಗ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಎದೆಗೆ ಬರೆ ಹಾಕಿಸುವುದು, ನಾಟಿ ಪುಡಿ ನೆಕ್ಕಿಸುವುದು ಹೊತ್ತು ಕಳೆಯುವ ದಾರಿ.

ಅಸ್ತಮಾ ಇರುವ ಮಗುವಿಗೆ ಡಾಕ್ಟರು ಇನ್‌ಹೇಲರ್ ಬರೆದರೆ ಹೆದರಬೇಡಿ. ಅದು ಚಟ ಹಿಡಿಸುವುದಿಲ್ಲ. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಸಿರಪ್‌ಗಿಂತ ಕಡಿಮೆ ಪ್ರಮಾಣ ಸಾಕು. ಚಿಕ್ಕವರಿಗೆ ಸ್ಪೇಸರ್, ಅಂದರೆ ಅದರ ಬಾಯಿಗೆ ಸಿಕ್ಕಿಸುವ ಕೊಳವೆ, ಜೊತೆಗೇ ಕೊಡಬೇಕು.

ಹೆಜ್ಜೆ 4: ಬಿಸಿಲು

ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ಹತ್ತಿರ ಬರುತ್ತದೆ. ಶೀಟಿನ ಮನೆಯೊಳಗೆ ಇನ್ನೂ ಜಾಸ್ತಿ. ಶೀಟಿನ ಮೇಲೆ ಸುಣ್ಣ ಬಳಿಯಿರಿ ಇಲ್ಲವೇ ತೆಂಗಿನ ಗರಿ ಹೊದಿಸಿ. ಎರಡಕ್ಕೂ ಖರ್ಚು ಕಡಿಮೆ, ಒಳಗೆ ಕೂತರೆ ವ್ಯತ್ಯಾಸ ಗೊತ್ತಾಗುತ್ತದೆ. ಬೆಳಿಗ್ಗೆ 11ರಿಂದ 4ರವರೆಗೆ ಮಕ್ಕಳನ್ನು ಬಯಲಿಗೆ ಬಿಡಬೇಡಿ. ಬಾಯಾರಿಕೆ ಅಂತ ಹೇಳುವವರೆಗೆ ಕಾಯದೆ ಮಜ್ಜಿಗೆ, ಅಂಬಲಿ, ಎಳನೀರು ಕೊಡುತ್ತಿರಿ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದು ಅಂತಲೇ ಅರ್ಥ. ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಿದ್ದರೂ ಎದೆಹಾಲು ಸಾಕು, ನೀರು ಬೇಡ. ತಾಯಿಗೆ ನೀರು ಕೊಡಿ, ಕೂಸಿಗೆ ಹೆಚ್ಚು ಸಲ ಹಾಲು ಕುಡಿಸಿ. ನಿಂತ ಕಾರಿನಲ್ಲಿ ಐದು ನಿಮಿಷಕ್ಕೂ ಮಗುವನ್ನು ಬಿಡಬೇಡಿ.

ಮೈ ಕಾದ ಹೆಂಚಿನ ಹಾಗಾಗಿ, ಮಗು ತೊದಲಿದರೆ, ಮಂಕಾದರೆ, ಫಿಟ್ಸ್ ಬಂದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತನ್ನಿ, ಬಟ್ಟೆ ತೆಗೆಯಿರಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108 ಕರೆಯಿರಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಬಿಡಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ.

ಹೆಜ್ಜೆ 5: ಹೊಲದ ಔಷಧಿ

ಈರುಳ್ಳಿ, ದಾಳಿಂಬೆ, ಹತ್ತಿ, ಭತ್ತ, ಎಲ್ಲದಕ್ಕೂ ಸಿಂಪಡಣೆ ಇದ್ದೇ ಇದೆ. ಮಕ್ಕಳಿಂದ ಕ್ಯಾನ್ ತೊಳೆಸಬೇಡಿ. ಹೊಡೆದು ಬಂದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಸ್ನಾನ ಮೊದಲು, ಮುದ್ದು ಆಮೇಲೆ. ಖಾಲಿ ಬಾಟಲಿಯಲ್ಲಿ ಎಣ್ಣೆ, ನೀರು ತುಂಬಿಡುವುದು ಎಷ್ಟು ಮನೆಯಲ್ಲಿ ಅನಾಹುತ ಮಾಡಿದೆಯೋ! ತೂತು ಮಾಡಿ ಬಿಸಾಡಿ.

ಹೆಜ್ಜೆ 6: ಮನೆಯ ಹೊರಗೆ ಕೇಳಬೇಕಾದದ್ದು

ಇಷ್ಟೆಲ್ಲ ಮಾಡಿದರೂ ಊರಿನ ಗಾಳಿ, ಊರಿನ ನೀರು ಒಂದು ಮನೆಯ ಕೈಗೆ ಸಿಗುವುದಿಲ್ಲ. ಒಬ್ಬರೇ ಹೋದರೆ ನಾಳೆ ಬನ್ನಿ ಅನ್ನುತ್ತಾರೆ. ಬೀದಿಯ ಐದಾರು ತಾಯಂದಿರು ಸೇರಿ ಹೋಗಿ, ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಗ್ರಾಮಸಭೆಯಲ್ಲಿ ಅಂಗನವಾಡಿ ಮತ್ತು ಶಾಲೆಯ ಬೋರಿನ ನೀರಿನ ವರದಿ ಓದಿಸಿ. ಮಕ್ಕಳು ಹಗಲೆಲ್ಲ ಕುಡಿಯುವುದು ಅದೇ ನೀರು. ಬೇಸಿಗೆಯ ಕೊನೆಗೊಂದು ಸಲ, ಮಳೆಗಾಲದ ನಂತರ ಒಂದು ಸಲ ಪರೀಕ್ಷೆ ಆಗಲಿ, ಯಾಕೆಂದರೆ ನೀರು ಇಳಿದ ಹಾಗೆ ಅಂಕಿಯೂ ಬದಲಾಗುತ್ತದೆ. ದಾವಣಗೆರೆಯವರು ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ವಾರ್ಡಿಗೆ ಏನು ಮಾಡಿದಿರಿ ಅಂತ ಪಾಲಿಕೆಯನ್ನು ಕೇಳಿ: ಧೂಳು ಗುಡಿಸುವುದು, ರಸ್ತೆ ಬದಿಯ ಮಣ್ಣಿಗೆ ಕಲ್ಲು ಹಾಸುವುದು, ಕಸ ಸುಡುವುದನ್ನು ನಿಲ್ಲಿಸುವುದು. ಅದಿರು ಲಾರಿ ಓಡಾಡುವ ಹಳ್ಳಿಯವರು ಟಾರ್ಪಾಲ್ ಮುಚ್ಚಿಸಿ, ರಸ್ತೆಗೆ ನೀರು ಹೊಡೆಸಿ, ಅದರಲ್ಲೂ ಶಾಲೆ ಬಿಡುವ ಹೊತ್ತಿಗೆ. ಶಾಲೆಯವರ ಹತ್ತಿರ ಮಾತಾಡಿ ಮಾರ್ಚ್‌ನಿಂದ ಆಟದ ಪೀರಿಯಡ್ ಬೆಳಗಿನ ಮೊದಲಿಗೆ ಹಾಕಿಸಿ.

ಕೊನೆಗೊಂದು ಹಾಳೆ. ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದ್ದೇನೆ. ಮಗುವಿನ ತೂಕ, ಪ್ಯಾರಾಸಿಟಮಾಲ್ ಎಷ್ಟು ಮಿಲಿ ಅಂತ ಡಾಕ್ಟರು ಬರೆದದ್ದು, 60–50–40 ಅನ್ನುವ ಉಸಿರಿನ ಲೆಕ್ಕ, 108, ಆಶಾ ಅಕ್ಕನ ನಂಬರು, ಬೋರಿನ ಫ್ಲೋರೈಡ್ ಅಂಕಿ, ಡ್ರಮ್ಮು ಉಜ್ಜಿದ ದಿನಾಂಕ. ರಾತ್ರಿ ಎರಡು ಗಂಟೆಗೆ ಮಗು ಏದುಸಿರು ಬಿಡುವಾಗ ಇದೆಲ್ಲ ನೆನಪಿಗೆ ಬರುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.